ಮೂರನೇ ಲೋಟ

ಕಕ್ಕಬೆಯ ಶಾಲೆಯ ಹಿಂದೆ
ಹಾಡಿನ ಹಬ್ಬದ ಎರಡನೇ ರಾತ್ರಿ.
ಕೈಲಿ ನೋಟುಬುಕ್ಕು, ಲೋಟಕ್ಕೊಂದು ಸಾಲು.

ಚೋಂದವ್ವನ ನೇರಳೆ ವೈನು: ನಾಲಗೆಗೆ ನೀಲಿ, ಗಂಟಲಿಗೆ ಒಗರು.
ಗಾಂಧಾರಿ ಮೆಣಸಿನದು: ಕಿವಿ ಬಿಸಿಯಾಗಿ ಬರೆಯುವುದು ಮರೆತೆ.
ಮೂರನೆಯದು ಬೈನೆ ಕಳ್ಳು.
ಬೆಳಿಗ್ಗೆ ಇಳಿಸಿದಾಗ ಹಸುಗೂಸಂತೆ,
ಈಗ ಹಲ್ಲು ಬಂದಿದೆ.

ಇಳಿಸಿದವನು ಪೂವಣ್ಣ.
ಕುಲದಲ್ಲಿ ಕುಡಿಯ; ಕಳ್ಳು ಮಾತ್ರ ಕುಡಿಯ.
ಮಡಕೆಗೆ ಕಿವಿಯಿಟ್ಟು
'ಇನ್ನೂ ಮಾತಾಡ್ತಾ ಉಂಟು' ಅಂದ.

ಅಂಗಳದಲ್ಲಿ ನಾಲ್ವರು, ನಾಲ್ಕು ದುಡಿ.
ಮಂಜಿಗೆ ಒಂದರ ಚರ್ಮ ಸಡಿಲಿ
ಬೆಂಕಿ ಕಾಯಿಸಲು ಹೋಯಿತು.
ಉಳಿದ ಮೂರರಲ್ಲಿ ಹಾಡು
ಒಂದು ಕಾಲು ಎಳೆಯತೊಡಗಿತು.

ಆಗ ಪೂವಣ್ಣನ ಬೆರಳು
ಮಡಕೆಯ ಹೊಟ್ಟೆಯ ಮೇಲೆ.
ಗೊನೆ ಹದಕ್ಕೆ ಬರಲೆಂದು ಮರದ ತುದಿಯಲ್ಲಿ
ದಿನಾ ತಟ್ಟುತ್ತಾನಲ್ಲ, ಅದೇ ಪೆಟ್ಟು,
ನೋಯಿಸದೆ, ಬಿಡದೆ.
ಹಾಡುವವರು ತಿರುಗಿಯೂ ನೋಡಲಿಲ್ಲ.
ಕುಂಟು ಹೋಗಿತ್ತು.

ಬೆಳಿಗ್ಗೆ ನೋಟುಬುಕ್ಕು ತೆರೆದರೆ
ಮೂರನೇ ಲೋಟದ ಎದುರು ಒಂದು ಪದವೂ ಇಲ್ಲ.
ಪೆನ್ಸಿಲ್ಲಿನ ಚುಕ್ಕೆಗಳು:
ಎರಡು, ಎರಡು, ಒಂದು.
ಪಕ್ಕದಲ್ಲಿ, ಇನ್ನೂ ಆರದ
ಲೋಟದ ತಳದ ಗುಂಡು ಗುರುತು.