ಏಳು ನಟ್ಟು, ಒಂದು ತಂತಿ

ಕಾವೇರಿ ಇವತ್ತು ಆರೂವರೆಗೇ ಬಂದಳು.
ಡ್ರಮ್ಮು ತುಂಬಿ, ಬಿಂದಿಗೆ ತುಂಬಿ, ಇನ್ನೂ ಬರುತ್ತಿದ್ದಾಳೆ ಅಂತ
ಬೆಲ್ಲನ ಪ್ಲಾಸ್ಟಿಕ್ ಗೂಡನ್ನು ತಾರಸಿಗೆ ಹೊತ್ತೆ.
ಕೆಳಗಿನಿಂದ ಮುನಿಯಲ್ಲಮ್ಮನ ದನಿ:
'ಆ ನೀರು ನನ್ನ ತುಳಸಿ ಕಡೆ ಬರಬಾರದು ನೋಡು!'

ಎಂಟು ನಟ್ಟು.
ಪೀಣ್ಯದಲ್ಲಿ ಇಪ್ಪತ್ತೆರಡು ವರ್ಷ ಲೇತಿನ ಮುಂದೆ ನಿಂತ ಕೈ,
ಸ್ಪ್ಯಾನರ್ ಬೇಡ, ಬೆರಳೇ ಸಾಕು.
ಏಳು ಬಿಚ್ಚಿ ಬಂದವು. ಎಂಟನೆಯದರ ಜಾಗದಲ್ಲಿ
ಯಾರೋ ತಂತಿ ಸುತ್ತಿದ್ದಾರೆ.
ಚೆನ್ನಾಗಿಯೇ ಸುತ್ತಿದ್ದಾರೆ.

ಮೇಲಿನ ಚಿಪ್ಪು ಆ ಕಡೆ, ಕೆಳಗಿನದು ಈ ಕಡೆ.
ಫಿನಾಯಿಲ್ ಕೂಡದು, ಅವನ ಮೂಗು ನಿನ್ನ ಮೂಗಿನ ಹಾಗಲ್ಲ,
ಎಂದು ಮಗಳ ಅಪ್ಪಣೆ. ಸರಿ.
ವಿನಿಗರ್, ಬಿಸಿನೀರು, ನನ್ನದೇ ಹಳೇ ಹಲ್ಲುಜ್ಜುವ ಬ್ರಷ್ಷು.

ಗಾಳಿಕಿಂಡಿಯ ಸೀಳಲ್ಲಿ ಕಲ್ಲಾದ ಮುದ್ದೆಯ ಚೂರು,
ಹೋದ ತಿಂಗಳು ಮನೆಯೆಲ್ಲ ಜಗಳ ಎಬ್ಬಿಸಿದ ಕ್ಲಿಪ್ಪು,
ಆಮೇಲೆ ಎರಡು ಚಿಪ್ಪು ಸೇರುವ ಅಂಚಿನಲ್ಲಿ
ಕೂದಲು.
ಬಿಳಿ. ಉದ್ದ.

ಬೆಲ್ಲ ಬೆಲ್ಲದ ಬಣ್ಣದವನು, ಮೈಗಂಟಿದ ರೋಮ.
ಗೊರಗುಂಟೆಪಾಳ್ಯದಲ್ಲಿ ಮನೆ ಖಾಲಿ ಮಾಡುತ್ತಿದ್ದವರು
ಆರುನೂರಕ್ಕೆ ಕೊಟ್ಟ ಗೂಡು ಇದು.
ನಿಮ್ಮ ನಾಯಿ ಎಲ್ಲಿ ಅಂತ ನಾನು ಕೇಳಲಿಲ್ಲ.
ಐನೂರಕ್ಕೆ ಇಳಿಸುವುದರಲ್ಲಿದ್ದೆ.

ಬಾಗಿಲ ಬದಿ, ಒಳಗಡೆ, ಹಲ್ಲಿನ ಗುರುತು.
ಉಜ್ಜಿದಷ್ಟೂ ಸ್ಪಷ್ಟ.
ದೀಪಾವಳಿ ಪಟಾಕಿಗೆ ಹೆದರಿ ಇವನೇ ಕಡಿದ ಅಂತ
ಬೈದಿದ್ದೆ, ಒಂದು ಏಟೂ ಕೊಟ್ಟಿದ್ದೆ.
ಟ್ಯಾಂಕಿನ ನೆರಳಲ್ಲಿದ್ದವನ ತುಟಿ ಎತ್ತಿ
ಹೆಬ್ಬೆರಳಿಟ್ಟು ಅಳೆದು ನೋಡಿದೆ.
ಹೊಂದುವುದಿಲ್ಲ. ಅದು ಇನ್ನೂ ಚಿಕ್ಕ ಬಾಯಿ.
ಒಂದು ಕೂದಲೆಳೆ ಹೆಚ್ಚುಕಮ್ಮಿಯಾದರೂ ಮಾಲು ವಾಪಸ್ ಕಳಿಸುವ ನಾನು
ಅಳೆಯದೆ ಹೊಡೆದಿದ್ದೆ.

ಮತ್ತೆ ಕೂಡಿಸಿದೆ.
ಡಬ್ಬಿಯಲ್ಲಿ ಸರಿಯಾದ ಅಳತೆಯ ನಟ್ಟು ಇತ್ತು.
ಆದರೂ ಅದೇ ತಂತಿಯನ್ನು
ಅವರು ಸುತ್ತಿದ್ದ ಹಾಗೇ ಸುತ್ತಿದೆ.

ಹನ್ನೊಂದರ ಬಿಸಿಲಿಗೆ ಒಣಗಿತು. ಕರೆದೆ.
ಬೆಲ್ಲ ಬಂದ, ತಲೆ ಹಾಕಿದ, ಸೀನಿದ,
ಯಾರ ಮನೆ ಇದು ಅನ್ನುವಂತೆ ನನ್ನ ಮುಖ ನೋಡಿದ.
ಆಮೇಲೆ ಕೊಳೆನೀರು ಹರಿದುಹೋದ ದಾರಿ ಹಿಡಿದು
ಮೂಸುತ್ತ ಮೂಸುತ್ತ ತಾರಸಿ ದಾಟಿ
ಮೂಲೆಯ ಪೈಪಿನ ಬಾಯಿಗೆ ಗದ್ದ ಇಟ್ಟು ಮಲಗಿದ.

ಕೆಳಗೆ ಮುನಿಯಲ್ಲಮ್ಮ ಕೂಗುತ್ತಿದ್ದರು.
ನೀರು ತುಳಸಿ ಕಡೆಗೇ ಹೋಗಿತ್ತು.