ಒರೆ

ಖಲಂದರ್ ಸಾಬರು ಹಸಿರು ಬನಾತಿನ ಮೇಲೆ
ಎರಡನ್ನೂ ಇಟ್ಟು, ಮ್ಯಾಗಜೀನು ಕಳಚಿ,
"ಖಾಲಿ. ಆದರೂ ನನ್ನ ಮಾತು ನಂಬಬೇಡಿ, ನೀವೇ ನೋಡಿ" ಅಂದರು.
ನೋಡಿದೆ.
ಗಾಂಧಿ ಬಜಾರಿನಲ್ಲಿ ಇಪ್ಪತ್ತಾರು ವರ್ಷ
ಯಾರ ಮಾತನ್ನೂ ನಂಬದೆ ಕಲ್ಲಿಗೆ ಉಜ್ಜಿ ನೋಡಿದವಳು,
ವಸುಧಾ ರೇವಣಕರ್, ಚಿನ್ನ ಪರೀಕ್ಷಕಿ.
ಮೂರು ಬ್ಯಾಂಕಿಗೆ, ಲೆಕ್ಕವಿಡದಷ್ಟು ಮದುವೆಗಳಿಗೆ
ಇಷ್ಟು ಟಚ್ಚು, ಇಷ್ಟು ತಾಮ್ರ ಎಂದು
ಬರೆದುಕೊಟ್ಟ ಕೈ ಇದು. ನಡುಗುವುದಿಲ್ಲ.

ಒಂದು, ಪಾಯಿಂಟ್ ಟೂ ಟೂ. ಉದ್ದ ಮೂತಿ,
ಮರದ ಹಿಡಿ ನನ್ನ ಅಂಗೈ ನೋಡಿಯೇ ಕೆತ್ತಿದ ಹಾಗೆ.
"ಇದು ಕಾಗದ ತೂತು ಮಾಡಲಿಕ್ಕೆ."
ಇನ್ನೊಂದು, ಥರ್ಟಿ ಟೂ. ಗಿಡ್ಡ, ಕಪ್ಪು,
ಟ್ರಿಗರ್ ಅನ್ನುವುದು ತುಕ್ಕು ಹಿಡಿದ ಚಿಲಕ.
"ಇದು?"
ಸಾಬರು ಕನ್ನಡಕ ತೆಗೆದು ಅಂಗಿಯ ಚುಂಗಿಗೆ ಒರೆಸಿದರು.
"ಇದು, ಬೇಡವಾಗಲಿ ಅಂತ ಇಟ್ಟುಕೊಳ್ಳೋದು."

ಇರುವ ದುಡ್ಡು ಒಂದಕ್ಕೆ.
ಅರ್ಜಿಯ ಕಾರಣದ ಖಾನೆಯಲ್ಲಿ ನಾನೇ ಬರೆದಿದ್ದೆ:
ಮನೆಯ ರಕ್ಷಣೆ ಮತ್ತು ಗುರಿ ಸ್ಪರ್ಧೆ.
ಆ 'ಮತ್ತು' ಬರೆಯುವುದು ಸುಲಭವಿತ್ತು.

ಹೋದ ಶ್ರಾವಣ, ದುರ್ಗಿಗುಡಿಯ ಮನೆಗೆ
ಹಿತ್ತಿಲ ಬಾಗಿಲಿನಿಂದ ಒಬ್ಬ ಬಂದಿದ್ದ.
ಟಾರ್ಚು ಹಾಕಿದೆ. ಹತ್ತೊಂಬತ್ತೋ ಇಪ್ಪತ್ತೋ,
ಮೀಸೆ ಇನ್ನೂ ಸರಿಯಾಗಿ ಬಂದಿಲ್ಲ,
ಚಿನ್ನವಿದೆಯೆಂದು ನನ್ನ ತಕ್ಕಡಿಯ ಪೆಟ್ಟಿಗೆ
ಎದೆಗವಚಿಕೊಂಡು ನಿಂತಿದ್ದ. ಇಬ್ಬರೂ ಕಿರುಚಿದೆವು.
ಓಡುವಾಗ ಹೊಸ್ತಿಲಲ್ಲಿ ಒಂದು ತಟ್ಟೆ ಬಿತ್ತು.
ಇನ್ನೊಂದು ಈಗಲೂ ಅವನ ಹತ್ತಿರವೇ ಇರಬೇಕು.

ಮಂಚದಿಂದ ಆ ಹೊಸ್ತಿಲಿಗೆ ಹನ್ನೊಂದು ಹೆಜ್ಜೆ.
ಆಮೇಲೆ ಅಳೆದೆ.
ಕ್ಲಬ್ಬಿನ ಪಿಸ್ತೂಲಿನಲ್ಲಿ, ಇಪ್ಪತ್ತೈದು ಮೀಟರಿಗೆ,
ಹತ್ತರಲ್ಲಿ ಎಂಟನ್ನು ಕಪ್ಪಿಗೇ ಹಾಕುವವಳು ನಾನು.
ಹನ್ನೊಂದು ಹೆಜ್ಜೆಗೆ ತಪ್ಪುವುದು ನನ್ನಿಂದಾಗದು.
ಠಾಣೆಯಲ್ಲಿ ಜಂಬದಿಂದ ಹೇಳಿದ್ದು ಇದನ್ನೇ,
ನಿದ್ದೆ ಕೆಡಿಸಿದ್ದೂ ಇದೇ.

ಚಹಾ ಬಂತು.
ನಮ್ಮ ಕಸುಬಿನಲ್ಲಿ ಗುಂಡು ಅಂದರೆ
ಕರಿಮಣಿಯ ನಡುವೆ ಪೋಣಿಸುವುದು, ಒಳಗೆ ಅರಗು.
ಸಾಬರ ಗುಂಡಿನೊಳಗೆ ಸೀಸ.
ಒರೆ ಅಂದರೂ ಹಾಗೆಯೇ:
ನನಗೆ ಕಲ್ಲಿನ ಮೇಲೆ ಉಳಿಯುವ ಗೆರೆ,
ಅವರಿಗೆ ಸೊಂಟದ ಚರ್ಮದ ಚೀಲ.
"ಮಾತು ಒಂದೇ ಅಂಗಡಿಯದ್ದು, ಗಿರಾಕಿ ಬೇರೆ" ಅಂದು ನಕ್ಕರು.

ಆಮೇಲೆ ನನಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದೆ.
ಅವರು ಸೀಸ ತೂಗುವ ಕಲ್ಲುಗಳನ್ನು ದಾರಕ್ಕೆ ಕಟ್ಟಿ
ಟ್ರಿಗರಿಗೆ ನೇತುಬಿಟ್ಟೆ.
ಟೂ ಟೂ ಒಂದು ಕೆಜಿಗೇ ಟಿಕ್ ಅಂದಿತು,
ಕೇಳುವ ಮೊದಲೇ ಉತ್ತರ ಕೊಡುವ ಜಾಣ ಮಗುವಿನ ಹಾಗೆ.
ಥರ್ಟಿ ಟೂ, ಎರಡಕ್ಕೆ ಇಲ್ಲ. ಎರಡೂವರೆಗೆ ಇಲ್ಲ.
ಮೂರಕ್ಕೆ ಸ್ವಲ್ಪ ಅಲುಗಿ, ಮತ್ತೆ ನಿಂತಿತು.
ನನ್ನ ಚೀಲದಿಂದ ಅಪ್ಪನ ಕಾಲದ ಗುಲಗಂಜಿಗಳನ್ನು ತೆಗೆದು
ಒಂದೊಂದಾಗಿ ಸೇರಿಸಿದೆ.
ಗುಲಗಂಜಿಗೆ ತನ್ನ ಕಪ್ಪು ತಿಳಿಯದು ಅನ್ನುತ್ತಿದ್ದ ಅಪ್ಪ.
ಹದಿನೇಳನೆಯದಕ್ಕೆ, ಟಿಕ್.

ಎರಡು ಕೆಜಿ, ಮೇಲೆ ಹದಿನೇಳು ಗುಲಗಂಜಿ.
ಅಷ್ಟು ಹೊತ್ತಿನಲ್ಲಿ
ಕಾಲು ಗಟ್ಟಿಯಿರುವ ಹುಡುಗನೊಬ್ಬ ಹೊಸ್ತಿಲು ದಾಟಬಹುದು.
"ಚಿಲಕವನ್ನೇ ಕೊಡಿ" ಅಂದೆ.

ಗಾಜನೂರಿನ ಸ್ಪರ್ಧೆಯಲ್ಲಿ ಒಂಬತ್ತು ಜನರಲ್ಲಿ ಎಂಟನೆಯವಳಾದೆ.
ಒಂಬತ್ತನೆಯವರಿಗೆ ಆ ದಿನ ಜ್ವರವಿತ್ತು.
ಜೆಸಿಂತಾ ನನ್ನ ಗುರಿಹಾಳೆ ಎತ್ತಿಹಿಡಿದು
"ಇದೇನೇ, ಸಾರಿನ ಒಗ್ಗರಣೆ ಸಿಡಿದ ಹಾಗಿದೆ" ಅಂದಳು.

ಚುನಾವಣೆ ಬಂತು.
ದೊಡ್ಡಪೇಟೆ ಠಾಣೆಗೆ ಒಪ್ಪಿಸಿ ರಸೀದಿ ತಂದೆ:
ಪಿಸ್ತೂಲು ಒಂದು, ಮ್ಯಾಗಜೀನು ಒಂದು, ಗುಂಡು ಇಪ್ಪತ್ತು.
ಪೇದೆ ಗುಂಡನ್ನು ಎರಡು ಸಲ ಎಣಿಸಿದ.
ತಾಳಿಯ ಗುಂಡನ್ನು ಅಡವಿಡುವವರೂ ಹಾಗೆಯೇ ಎಣಿಸುತ್ತಾರೆ.

ಮೂರನೆಯ ರಾತ್ರಿ ಹಿತ್ತಿಲಲ್ಲಿ ಏನೋ ಬಿತ್ತು.
ಎದ್ದೆ. ಟಾರ್ಚಿನ ಸೆಲ್ಲು ಸೋತಿತ್ತು.
ಎಂಟು, ಒಂಬತ್ತು, ಹತ್ತು ಹೆಜ್ಜೆ.
ಬಾಗಿಲಾಚೆ ಉಸಿರೋ, ಗಾಳಿಯೋ.
ಆಗ ಗಮನಿಸಿದೆ:
ಖಾಲಿ ಕೈ ಎದೆಯೆತ್ತರಕ್ಕೆ ಎದ್ದಿದೆ,
ತೋರುಬೆರಳು ತಾನಾಗಿ ಮಡಚಿ ಮುಗಿಸಿದೆ.
ಎಷ್ಟು ತೂಕಕ್ಕೆ ಬಿಟ್ಟಿತೋ,
ಕಲ್ಲು ಕಟ್ಟಿ ನೋಡುವ ಹಾಗಿರಲಿಲ್ಲ.