ಒತ್ತು

ಬಂಕಾಪುರ ಚೌಕದ ಟೈರಿನಂಗಡಿ ಮೇಲೆ
ನಮ್ಮ ಆಫೀಸು: ಎರಡು ಮೇಜು, ಒಂದು ಫ್ಯಾನು,
ಬೋರ್ಡು ಕತ್ತರಿಸುವ ಯಂತ್ರಕ್ಕೆ ಅಕ್ಷರ ಉಣಿಸುವ ಕೆಲಸ.
ಪರೀಕ್ಷೆಗೆಂದು ಕರೆಸಿದ್ದು ದಸ್ತಗೀರ ಚಾಚಾರನ್ನು,
ಲಾರಿಗಳ ಹಣೆ ಮೇಲೆ ನಲವತ್ತು ವರ್ಷ
ಊರ ಹೆಸರು ಬರೆದ ಕೈ.

ಪೆನ್ನು ಕೊಟ್ಟೆ. ಮೂಸಿ ನೋಡಿದರು.
"ಟರ್ಪೆಂಟೈನ್ ವಾಸನಿನ ಇಲ್ಲಲ್ಲ ತಂಗಿ ಇದಕ್ಕ."
ಆಮೇಲೆ ಗಾಜಿನ ಮೇಲೆ ಹುಬ್ಬಳ್ಳಿ ಅಂತ ಬರೆದರು.

ಬಂದದ್ದು ತಂತಿ.
ತಲೆಕಟ್ಟಿಗೂ ಕೊಂಬಿಗೂ ಒಂದೇ ದಪ್ಪ,
ದುಂಡಗಿರಬೇಕಾದ ಹೊಟ್ಟೆಯಲ್ಲಿ ಮೂಲೆಗಳು,
ಶುರುವಿನ ಚುಕ್ಕಿ ಎರಡು ಸಲ:
ಪೆನ್ನು ತಾನಾಗಿ ಒಮ್ಮೆ ಹೇಳಿ
ಮೌಸಿನ ವೇಷ ತೊಟ್ಟು ಮತ್ತೊಮ್ಮೆ ಹೇಳಿತ್ತು.

ತಪ್ಪು ನನ್ನದು. ಹೋದ ಶ್ರಾವಣದಲ್ಲಿ, ಅವಸರದಲ್ಲಿ,
ಬರೆದಿದ್ದೆ: ಪೆನ್ನು ಬಂದರೆ ಮೌಸೆಂದೇ ತಿಳಿ.
ಇಳಿಯಿತು, ಸರಿಯಿತು, ಎದ್ದಿತು, ಮೂರು ಮಾತು ಸಾಕು.
ಎತ್ತ ವಾಲಿತ್ತು, ಬೇಡ.
ಎಷ್ಟು ಒತ್ತಿತು, ಬೇಡ.
ಮೌಸಿಗೆ ಒತ್ತು ಯಾವಾಗಲೂ ಅರ್ಧ.
ಗುಂಡಿ ಅದುಮಿದ್ದು ಪೈಲ್ವಾನನಿರಲಿ, ಬಾಣಂತಿಯಿರಲಿ,
ಅರ್ಧ.

ಎರಡನೇ ಸಲ ಬರೆವಾಗ ನಡುವೆ ನಿಂತರು,
ತುದಿ ಗಾಜಿಗೆ ಅಂಟಿಯೇ ಇತ್ತು,
ಕಣ್ಣು ಕಿರಿದಾಗಿಸಿ ಮುಂದಿನ ಜಾಗ ಅಳೆಯುತ್ತಿದ್ದರು.
ಫಟ್ಟನೆ ಒಂದು ಪಟ್ಟಿ ತೆರೆದು ಕೂತಿತು:
ಕತ್ತರಿಸು, ನಕಲಿಸು, ಅಂಟಿಸು.
"ನಿಂತ್ರ ಸಿಟ್ಟು ಬರ್ತೈತೇನ ಇದಕ್ಕ?"
ಏನು ಹೇಳಲಿ, ಮೌಸಿನ ಲೋಕದಲ್ಲಿ
ತಡೆದು ನಿಂತ ಕೈ ಅಂದರೆ ಬಲಗುಂಡಿ.

"ಒತ್ತು ಎಲ್ಲೈತಿ ಇದರಾಗ?"
ತೋರಿಸಿದೆ: ಬ ಕೆಳಗೆ ಬ, ಳ ಕೆಳಗೆ ಳ,
ಎರಡೂ ಅದಾವಲ್ಲ ಚಾಚಾ.
ಅವರು ಹೆಬ್ಬೆರಳನ್ನು ಮೇಜಿಗೆ ಊರಿದರು,
ಉಗುರು ಬೆಳ್ಳಗಾಗುವ ತನಕ.
"ಆ ಒತ್ತಲ್ಲ."

ಚಹಾ ತಣ್ಣಗಾಯಿತು. ಕೆಳಗೆ ಯಾವುದೋ ಟೈರಿಗೆ ಗಾಳಿ ತುಂಬುವ ಸದ್ದು.
ಆ ಸಾಲುಗಳನ್ನು ಕಿತ್ತೆ. ಪೆನ್ನು ಪೆನ್ನಾಗಿಯೇ ಬರಲಿ,
ಬಂದಾಗ ಮೌಸು ಬಾಯಿ ಮುಚ್ಚಿಕೊಂಡಿರಲಿ ಅಂದೆ.

ಮತ್ತೆ ಬರೆದರು. ಈಗ
ಹೊಟ್ಟೆ ತುಂಬಿತು, ಕೊಂಬು ಸಣ್ಣಗೆ ಜಾರಿತು,
ಅವರ ಮುಖದಲ್ಲಿ ಹೊಸ ಲಾರಿಯ ಹೊಳಪು.
ಕೊನೆಯ ಗುಡಿಸಿನ ಬಳಿ ಮಾತ್ರ ಗೆರೆ
ದಪ್ಪ, ಸಣ್ಣ, ದಪ್ಪ, ಸಣ್ಣ.
ಕುಂಚದ ಕೂದಲು ಇಷ್ಟು ದಿನ ನುಂಗಿಕೊಂಡಿದ್ದ ನಡುಕ.

ಇಬ್ಬರೂ ಅದನ್ನೇ ನೋಡಿದೆವು.
ಪೆನ್ನು ಮೇಜಿನ ಮೇಲಿಟ್ಟು, ಮೆಲ್ಲಗೆ:
"ಅಲ್ಲೊಂದು ಕಡೆ ಅರ್ಧ ಮಾಡ್ತೀಯೇನ, ತಂಗಿ?"

ಆ ಸಾಲು ಇನ್ನೂ ಬರೆದಿಲ್ಲ.